ಹೆರಿಗೆ ಟೈಮಲ್ಲಿ ಗಂಡಸರು ಒಳಗಿರಬಹುದಾ? ನರ್ಸ್ ಆಗಿ ಅಥವಾ ಗಂಡನಾಗಿ, ನೀವೇನಂತೀರಾ

ಮದ್ದೂರ್ ನರ್ಸ್:
ಎಲ್ರಿಗೂ ನಮಸ್ಕಾರ, ಇಲ್ಲಿ ಮಂಡ್ಯ ಮೈಸೂರು ಕಡೆಯೋರೇ ಜಾಸ್ತಿ ಇರೋದ್ರಿಂದ ಇಲ್ಲೇ ಕೇಳ್ತಾ ಇದೀನಿ. ನಾನು ಬಿಎಸ್ಸಿ ನರ್ಸಿಂಗ್ ಮುಗಿಸಿ ಈಗ 108 ಆಂಬುಲೆನ್ಸಲ್ಲಿ ನರ್ಸ್ ಆಗಿದೀನಿ. ಮುಂದೆ ಲೇಬರ್ ವಾರ್ಡಲ್ಲೇ ಕೆಲಸ ಮಾಡ್ಬೇಕು, ನಾರ್ಮಲ್ ಹೆರಿಗೆ ಮಾಡಿಸೋದ್ರಲ್ಲೇ ಕೈ ಪಳಗಿಸ್ಕೋಬೇಕು ಅನ್ನೋದು ನನ್ನಾಸೆ. ಮನೇಲಿ ಹೇಳಿದ್ದಕ್ಕೆ ಅಮ್ಮಂಗೆ ಸಿಟ್ಟು ಬಂತು. "ಐಸಿಯು ಐತೆ, ಡಯಾಲಿಸಿಸ್ ಐತೆ, ಅದೆಲ್ಲಾ ಬುಟ್ಟು ಹೆಂಗುಸ್ರು ಹೆರಿಗೆ ಮಾಡ್ಸೋ ಕೆಲ್ಸ ಯಾಕ್ಲಾ ನಿಂಗೆ, ನಾಳಿಕ್ಕೆ ಹೆಣ್ ಕೊಡೋರು ಏನಂದಾರು" ಅಂದ್ರು. ಮೊದ್ಲೇ ನಮ್ ಕಡೆ ಹುಡುಗರಿಗೆ ಹೆಣ್ಣು ಸಿಗೋದು ಕಷ್ಟ ಇದೆ, ಅವ್ರ ಭಯ ಸುಳ್ಳಲ್ಲ ಬಿಡಿ.

ನಂಗೆ ಅರ್ಥ ಆಗ್ದೇ ಇರೋದು ಏನಂದ್ರೆ, ಮೈಸೂರಲ್ಲಿ ಹೆರಿಗೆಗೆ ಹೆಸರು ಮಾಡಿರೋ ಡಾಕ್ಟ್ರಲ್ಲಿ ಗಂಡಸರು ಎಷ್ಟೋ ಜನ ಇದಾರೆ, ಬೆಳಿಗ್ಗೆಯಿಂದ ಟೋಕನ್ ಹಿಡ್ಕೊಂಡು ಕಾಯ್ತಾರೆ ಅವ್ರಿಗೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಡೋ ಡಾಕ್ಟ್ರು ಗಂಡಸಾದ್ರೂ ಯಾರೂ ತಕರಾರು ತೆಗೆಯಲ್ಲ. 108ರಲ್ಲಿ ನಾವು ಹೆರಿಗೆ ಮಾಡಿಸಿದ್ರೆ ಪೇಪರಲ್ಲಿ ಫೋಟೋ ಹಾಕಿ ಹೊಗಳ್ತಾರೆ. ಅದೇ ಕೆಲಸನ ವಾರ್ಡಲ್ಲಿ, ಲೈಟು ನೀರು ಎಲ್ಲಾ ಇರೋ ಕಡೆ, ಪಕ್ಕದಲ್ಲಿ ಡಾಕ್ಟ್ರು ಇರುವಾಗ ಮಾಡ್ತೀನಿ ಅಂದ್ರೆ ಛೀ ಅಂತಾರೆ. ಕಾಲೇಜಲ್ಲಿ ಓದುವಾಗಲೂ ಹಂಗೇ, ಲೇಬರ್ ವಾರ್ಡ್ ಪೋಸ್ಟಿಂಗ್ ಅಂತ ಹೆಸರಿಗೆ, ಹುಡುಗೀರನ್ನ ಒಳಗೆ ಕಳಿಸಿ ನಮ್ಮನ್ನ ರಿಜಿಸ್ಟರ್ ಬರೆಯೋಕೆ, ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ಬರೋಕೆ ಹಾಕೋರು. ಪರೀಕ್ಷೇಲಿ ಮಾತ್ರ ಪ್ರಶ್ನೆ ಎಲ್ರಿಗೂ ಒಂದೇ.

ಮಳವಳ್ಳಿ ಕಡೆ ಒಂದ್ ಕೇಸು ಹೇಳ್ತೀನಿ. ಎರಡನೇ ಹೆರಿಗೆ, ನೋವು ಶುರುವಾಗಿ ಬೇಗ ಬೇಗ ಜಾಸ್ತಿ ಆಗ್ಬಿಟ್ಟಿದೆ, ಹತ್ತಿಸ್ಕೊಂಡು ಸ್ವಲ್ಪ ದೂರ ಬರೋಷ್ಟ್ರಲ್ಲಿ ಆಯಮ್ಮ "ಬಂದೇ ಬುಡ್ತು" ಅಂತ ಕೂಗಿದ್ರು. ಪೈಲಟ್ ಅಣ್ಣ, ಅಂದ್ರೆ ಆಂಬುಲೆನ್ಸ್ ಡ್ರೈವರ್, ಗಾಡಿ ಸೈಡಿಗೆ ಹಾಕಿ ತಾನು ಇಳಿದು ಹೊರಗಡೆ ನಿಂತ್ರು. ಒಳಗೆ ನಾನು, ಆಯಮ್ಮ, ಅವ್ರ ಅತ್ತೆ. ನಾನು ಗ್ಲೌಸ್ ಹಾಕೋಕೆ ಮುಂಚೆ ಆಯಮ್ಮನ ಮುಖ ನೋಡಿ "ಅಕ್ಕಾ, ನಾನು ನೋಡ್ಬಹುದಾ, ತಲೆ ಎಲ್ಲಿಗೆ ಬಂದಿದೆ ಅಂತ ತಿಳೀಬೇಕು" ಅಂತ ಕೇಳ್ದೆ. ಅವ್ರು ಅತ್ತೆ ಕಡೆ ನೋಡಿದ್ರು, ಅತ್ತೆ ಅವ್ರ ಕೈ ಹಿಡ್ಕೊಂಡು "ನೋಡಪ್ಪಾ" ಅಂದ್ರು. ಆಮೇಲೆ ಫೋನಲ್ಲಿ ಡಾಕ್ಟ್ರು ಲೈನಲ್ಲಿದ್ರು, ತಲೆ ಒಂದೇ ಸಲ ಬರದೇ ಇರೋ ಹಾಗೆ ಅಂಗೈ ಕೊಟ್ಟು ಹಿಡಿದು, ಕತ್ತಿಗೆ ಹೊಕ್ಕುಳ ಬಳ್ಳಿ ಸುತ್ತಿದೆಯಾ ಅಂತ ಬೆರಳಲ್ಲಿ ನೋಡಿ, ಮಗು ಬಂದ್ಮೇಲೆ ಒರೆಸಿ ತಾಯಿ ಹೊಟ್ಟೆ ಮೇಲೇ ಹಾಕಿ ಬಟ್ಟೆ ಹೊದಿಸಿದ್ದು, ರಕ್ತ ಹೆಚ್ಚು ಹೋಗ್ದಂಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟಿದ್ದು, ಬಳ್ಳಿ ಬಡಿಯೋದು ನಿಲ್ಲೋವರೆಗೂ ಕಾದು ಆಮೇಲೆ ಕಟ್ ಮಾಡಿದ್ದು. ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಅವತ್ತೇ ನಂಗೆ ಇದೇ ನನ್ ಕೆಲಸ ಅನ್ನಿಸಿದ್ದು.

ಗಂಡ ಎಲ್ಲಿದ್ದ ಅಂತ ಕೇಳ್ತೀರಾ? ಹಿಂದೆ ಬೈಕಲ್ಲಿ ಬರ್ತಿದ್ದ, ಗಾಡಿ ನಿಂತ್ಮೇಲೆ ಪೈಲಟ್ ಜೊತೆ ಹೊರಗೇ ನಿಂತಿದ್ದ. ಒಳಗೆ ಬಾ ಅಂತ ಯಾರೂ ಕರೀಲಿಲ್ಲ, ಅವ್ನೂ ಬರ್ಲಿಲ್ಲ. ಅದ್ಕೇ ಎರಡು ಪ್ರಶ್ನೆ. ಗಂಡಸು ನರ್ಸ್ ಆಗಿ ಹೆರಿಗೆ ಮಾಡಿಸಬಹುದಾ, ಮತ್ತೆ ಗಂಡ ಆದವನು ಹೆರಿಗೆ ಟೈಮಲ್ಲಿ ಪಕ್ಕದಲ್ಲಿ ಇರಬಹುದಾ. ಹೆಣ್ಮಕ್ಕಳು ಮುಖ್ಯವಾಗಿ ಹೇಳಿ.

ನಾಗಮಂಗಲ ಗೌಡ:
ತಮ್ಮಾ, ತಪ್ ತಿಳ್ಕೋಬೇಡ, ನಿನ್ ಕೆಲಸದ ಬಗ್ಗೆ ಗೌರವ ಐತೆ, ಅವತ್ತು ನೀನಿಲ್ದಿದ್ರೆ ಏನಾಗ್ತಿತ್ತೋ. ಆದ್ರೆ ಅದು ಆಪತ್ತು. ಆಪತ್ತಲ್ಲಿ ಮಾಡೋದು ಬೇರೆ, ದಿನಾ ಮಾಡೋದು ಬೇರೆ. ನಮ್ ಹಳ್ಳಿ ಹೆಣ್ಮಕ್ಕಳು ಗಂಡಸಿನ ಮುಂದೆ "ಬೇಡ" ಅಂತ ಬಾಯ್ ಬಿಟ್ಟು ಹೇಳಲ್ಲ. ನೀನು ಕೇಳ್ತೀಯ, ಅವ್ಳು ತಲೆ ತಗ್ಗಿಸ್ತಾಳೆ, ಒಪ್ಪಿದ್ಳು ಅಂತ ನೀನು ಅಂದ್ಕೋತೀಯ. ಒಳಗೊಳಗೇ ಅವ್ಳು ಸತ್ತು ಹೋಗ್ತಿರ್ತಾಳೆ. ನೀನೇ ಬರ್ದಿದೀಯಲ್ಲ, ಅವ್ಳು ಅತ್ತೆ ಮುಖ ನೋಡಿದ್ಳು ಅಂತ. ಉತ್ತರ ಕೊಟ್ಟಿದ್ದು ಅತ್ತೆ, ಅವ್ಳಲ್ಲ.

ಇನ್ನು ಗಂಡ ಒಳಗಿರೋದು. ನಾನು ಹುಟ್ಟಿದಾಗ ನಮ್ಮಪ್ಪ ಪುರುಡು ಕಳೆದ ಮೇಲೇ ನನ್ ಮುಖ ನೋಡಿದ್ದಂತೆ. ಅಂಗಂತ ಅವ್ರಿಗೆ ಪ್ರೀತಿ ಇರ್ಲಿಲ್ವಾ? ಹೆಂಗಸರಿಗೆ ಹೆಂಗಸರೇ ಇರ್ಲಿ ಅನ್ನೋದು ಮರ್ಯಾದೆಯಿಂದ ಬಂದಿರೋದು, ಕೀಳು ಮಾಡೋಕಲ್ಲ. ಪಾವಗಡದ ಕಡೆ ಸೂಲಗಿತ್ತಿ ನರಸಮ್ಮ ಅಂತ ಮಹಾತಾಯಿ ಇದ್ರು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡ್ಸಿದ್ರು ಒಂದ್ ಕಾಸು ಕೇಳ್ದೆ, 2018ರಲ್ಲಿ ಪದ್ಮಶ್ರೀ ಕೊಟ್ರು. ಅಂಥೋರ ಜಾಗಕ್ಕೆ ಇನ್ನೊಬ್ಳು ಹೆಣ್ಮಗಳು ಬರೋ ಹಂಗೆ ಮಾಡ್ಬೇಕು ಸರ್ಕಾರ.

ಎರಡು ಮಕ್ಕಳ ತಾಯಿ:
ಗೌಡ್ರೆ ನೀವು ಹೇಳಿದ ಮೊದಲನೇ ಮಾತು ನೂರಕ್ಕೆ ನೂರು ನಿಜ, ಕೇಳೋ ರೀತಿಲಿ ಕೇಳ್ದೆ ಇದ್ರೆ ನಾವು ಬೇಡ ಅನ್ನೋಕೆ ಆಗಲ್ಲ. ಆದ್ರೆ ಹೆಂಗಸರಿಗೆ ಹೆಂಗಸರೇ ಇದ್ರೆ ಮರ್ಯಾದೆ ಸಿಗುತ್ತೆ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ. ನನ್ ಮೊದಲನೇ ಹೆರಿಗೆ ಆದ ಕಡೆ, ಯಾವ ಆಸ್ಪತ್ರೆ ಅಂತ ಬರಿಯಲ್ಲ, ಒಳಗೆ ಇದ್ದೋರೆಲ್ಲಾ ಹೆಂಗಸರೇ. ನೋವಿಗೆ ಕೂಗಿದ್ದಕ್ಕೆ ತೊಡೆ ಮೇಲೆ ಹೊಡೆದ್ರು, "ಆಗ ಇಲ್ಲದ ನೋವು ಈಗ ಬಂತಾ" ಅಂದ್ರು. ಓದಿರೋ ನಂಗೇ ಹಂಗೆ. ಪಕ್ಕದ ಟೇಬಲಲ್ಲಿ ಹಳ್ಳಿ ಹುಡುಗಿ ಇದ್ಳು, ಅವ್ಳ ಹೊಟ್ಟೆ ಮೇಲೆ ಕೈಯಿಟ್ಟು ಬಲವಾಗಿ ಒತ್ತಿದ್ದು ಈಗ್ಲೂ ಕಣ್ಮುಂದೆ ಇದೆ. ಹಂಗೆ ಒತ್ತಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ ಅಂತ ನಂಗೆ ಆಮೇಲೆ ಗೊತ್ತಾಗಿದ್ದು. ಹೊರಗೆ ಅಮ್ಮ ಇದ್ರು, ಗಂಡ ಇದ್ರು, ಒಬ್ರನ್ನೂ ಒಳಗೆ ಬಿಡ್ಲಿಲ್ಲ. ಮಗು ಆದ್ಮೇಲೆ ಹೊರಗೆ ಬಂದು ಗಂಡು ಮಗುಗೆ ಇಷ್ಟು ಹೆಣ್ಣು ಮಗುಗೆ ಇಷ್ಟು ಅಂತ ದುಡ್ಡು ಕೇಳೋಕೆ ಮಾತ್ರ ಅವ್ರು ನೆನಪಾದ್ರು. ನಮ್ಮೋರು ಅಂತ ಒಬ್ರು ಒಳಗಿದ್ದಿದ್ರೆ ಹೊಡೆಯೋ ಧೈರ್ಯ ಬರ್ತಿತ್ತಾ ಹೇಳಿ.

ಎರಡನೇದಕ್ಕೆ ಬೇರೆ ಕಡೆ ಹೋದೆ, ಅಲ್ಲಿ ಡಾಕ್ಟ್ರು ಗಂಡಸು. ಪ್ರತಿ ಸಲ ಪರೀಕ್ಷೆ ಮಾಡೋಕೆ ಮುಂಚೆ ಒಬ್ರು ಸಿಸ್ಟರನ್ನ ಪಕ್ಕಕ್ಕೆ ಕರೆದು, ನಂಗೆ ಏನ್ ಮಾಡ್ತೀನಿ ಅಂತ ಹೇಳಿ, ಹೂಂ ಅಂದ್ಮೇಲೇ ಮುಟ್ಟೋರು. ಬೆಡ್‌ಶೀಟ್ ಎಷ್ಟು ಬೇಕೋ ಅಷ್ಟೇ ಸರಿಸೋರು. ನಾಚಿಕೆ ಆಯ್ತಾ ಅಂದ್ರೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಭಯ ಆಗ್ಲಿಲ್ಲ.

ಸಿಸ್ಟರ್ ಅಕ್ಕ:
ನಾನು ಸರ್ಕಾರಿ ಲೇಬರ್ ವಾರ್ಡಲ್ಲೇ ವರ್ಷಗಟ್ಟಲೆ ಕೆಲಸ ಮಾಡಿರೋಳು, ಮೇಲಿನ ತಂಗಿ ಬರೆದಿದ್ದು ಓದಿ ಹೊಟ್ಟೆ ಉರೀತು, ಯಾಕಂದ್ರೆ ಅಂಥದ್ದು ನಡೆಯೋದು ನಿಜ. ಹೊಡೆಯೋದಕ್ಕೆ ಯಾವ ಸಮಜಾಯಿಷಿನೂ ಇಲ್ಲ. ಒಬ್ಳೇ ಸಿಸ್ಟರು ನಾಲ್ಕು ಟೇಬಲ್ ನೋಡೋ ಪರಿಸ್ಥಿತಿ ಇರುತ್ತೆ, ಅದೂ ನಿಜ, ಆದ್ರೆ ಕೈ ಎತ್ತೋದಕ್ಕೆ ಅದು ಕಾರಣ ಆಗ್ಬಾರ್ದು.

ಈಗ ಗಂಡನ ವಿಷಯ. ಎಷ್ಟೋ ಜನಕ್ಕೆ ಗೊತ್ತಿಲ್ಲ, ಹೆರಿಗೆ ಟೈಮಲ್ಲಿ ಜೊತೆಗೆ ಒಬ್ರನ್ನ ಬಿಡ್ಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಬರ್ತ್ ಕಂಪ್ಯಾನಿಯನ್ ಅಂತಾರೆ. ಮೊದಲ ಆದ್ಯತೆ ಹೆರಿಗೆ ಅನುಭವ ಇರೋ ಹೆಣ್ಣು ಸಂಬಂಧಿಗೆ. ಎಲ್ಲಿ ಪ್ರೈವೆಸಿ ಕಾಪಾಡೋಕೆ ಆಗುತ್ತೋ ಅಲ್ಲಿ ಗಂಡನನ್ನೂ ಬಿಡಬಹುದು ಅಂತ ಸ್ಪಷ್ಟವಾಗಿ ಇದೆ. ಅಂಟುರೋಗ ಇರಬಾರದು, ಬಟ್ಟೆ ಕ್ಲೀನ್ ಇರಬೇಕು, ಕೊನೇ ತನಕ ಇರ್ತೀನಿ ಅನ್ನೋರು ಆಗಿರ್ಬೇಕು, ನಮ್ ಕೆಲಸದ ಮಧ್ಯೆ ಬರಬಾರದು, ಪಕ್ಕದ ಹೆಂಗಸಿನ ಕಡೆ ಹೋಗಬಾರದು, ಇಷ್ಟೇ ಷರತ್ತು. 2017ರ ಡಿಸೆಂಬರಲ್ಲಿ ಲೇಬರ್ ರೂಮ್ ಗುಣಮಟ್ಟ ಸುಧಾರಿಸೋ ಲಕ್ಷ್ಯ ಯೋಜನೆ ಬಂದ್ಮೇಲೆ ಲೇಬರ್ ರೂಮ್ ತಪಾಸಣೆಗೆ ಬರೋರು ಇದನ್ನೂ ನೋಡ್ತಾರೆ.

ಅಂದ್ರೆ ಅಡ್ಡ ನಿಂತಿರೋದು ಸಂಸ್ಕೃತಿ ಅಲ್ಲ, ಕರ್ಟನ್ನು. ಉದ್ದಕ್ಕೆ ಟೇಬಲ್ ಸಾಲಾಗಿ ಇಟ್ಟಿರ್ತಾರೆ, ಮಧ್ಯೆ ಒಂದು ಪರದೆ ಇರಲ್ಲ, ಇದ್ರೂ ಕೊಕ್ಕೆ ಕಿತ್ತೋಗಿರುತ್ತೆ, ಒಗೆಯೋಕೆ ಹೋಗಿರೋದು ವಾಪಸ್ ಬಂದಿರಲ್ಲ. ಒಬ್ಳ ಗಂಡನ್ನ ಬಿಟ್ರೆ ಮೂರು ಜನದ ಮಾನ ಹೋಗುತ್ತೆ. ನಾನೇ ಎಷ್ಟೋ ಜನ ಗಂಡಂದಿರನ್ನ ಬಾಗಿಲಲ್ಲಿ ತಡೆದಿದೀನಿ ಇದೇ ಕಾರಣಕ್ಕೆ, ಈಗ್ಲೂ ಪರದೆ ಇಲ್ಲದ ಕಡೆ ತಡೀತೀನಿ. ಟೇಬಲ್ ಟೇಬಲ್ ನಡುವೆ ಗಟ್ಟಿಯಾದ ಪಾರ್ಟಿಷನ್ ಹಾಕಿಸಿ ಕೊಡ್ಲಿ, ನಾಳೆಯಿಂದಲೇ ಬಿಡ್ತೀನಿ.

ಮದ್ದೂರ್ ನರ್ಸ್ ತಮ್ಮ, ನಿನ್ನ ವಿಷಯಕ್ಕೆ ಬರ್ತೀನಿ, ಡ್ಯೂಟಿಗೆ ಹೋಗ್ಬೇಕು, ರಾತ್ರಿ ಬರೀತೀನಿ.

ಹಳೇ ಮೈಸೂರು:
ಸ್ವಲ್ಪ ಇತಿಹಾಸ ಸೇರಿಸ್ತೀನಿ, ಯಾಕಂದ್ರೆ ಗಂಡಸು ಹೆರಿಗೆ ಮಾಡ್ಸೋದು ಹೊಸ ಫ್ಯಾಷನ್ ಅಂತ ಕೆಲವ್ರು ಅಂದ್ಕೊಂಡಿರ್ತಾರೆ. ಇಂಗ್ಲೆಂಡಲ್ಲಿ 17ನೇ ಶತಮಾನದಲ್ಲೇ ಚೇಂಬರ್ಲೆನ್ ಅನ್ನೋ ಕುಟುಂಬದ ಗಂಡಸರು ಹೆರಿಗೆ ಮಾಡಿಸ್ತಿದ್ರು. ಫೋರ್ಸೆಪ್ಸ್ ಅಂದ್ರೆ ಮಗು ತಲೆ ಹಿಡಿದು ಎಳೆಯೋ ಇಕ್ಕಳ, ಅದು ಅವ್ರ ಮನೆತನದ್ದೇ. ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನ ಗುಟ್ಟಾಗಿ ಇಟ್ಕೊಂಡ್ರು. ಆ ಗುಟ್ಟು ಆಗಲೇ ಹೊರಗೆ ಬಂದಿದ್ರೆ ಎಷ್ಟು ತಾಯಂದಿರು ಉಳೀತಿದ್ರೋ. 18ನೇ ಶತಮಾನದಲ್ಲಿ ವಿಲಿಯಂ ಸ್ಮೆಲಿ ಅನ್ನೋ ಡಾಕ್ಟ್ರು ಲಂಡನ್ನಲ್ಲಿ ಗಂಡಸರಿಗೆ ಹೆರಿಗೆ ಪಾಠ ಮಾಡೋಕೆ ಶುರು ಮಾಡಿದ್ರು, ಆಗ ಎಲಿಜಬೆತ್ ನಿಹೆಲ್ ಅನ್ನೋ ಸೂಲಗಿತ್ತಿ 1760ರಲ್ಲಿ ಅವ್ರ ವಿರುದ್ಧ ಪುಸ್ತಕವನ್ನೇ ಬರೆದ್ಳು, ಗಂಡಸರು ಕಾಯೋ ತಾಳ್ಮೆ ಇಲ್ಲದೆ ಸುಮ್ ಸುಮ್ನೆ ಉಪಕರಣ ಹಾಕ್ತಾರೆ ಅಂತ.

ವಿಚಿತ್ರ ಏನಂದ್ರೆ ಡಾಕ್ಟ್ರಾಗಿ ಗಂಡಸರು ಬಂದ್ರು, ಸೂಲಗಿತ್ತಿ ಕೆಲಸಕ್ಕೆ ಮಾತ್ರ ಕಾನೂನೇ ಬಿಡ್ತಿರಲಿಲ್ಲ. ಬ್ರಿಟನ್ನಲ್ಲಿ 1975ರ ಲಿಂಗ ತಾರತಮ್ಯ ಕಾಯ್ದೆ ಬಂದಾಗಲೂ ಮಿಡ್‌ವೈಫ್ ಅಂದ್ರೆ ತರಬೇತಿ ಪಡೆದ ಸೂಲಗಿತ್ತಿ ಕೆಲಸಕ್ಕೆ ಗಂಡಸರ ಮೇಲೆ ನಿರ್ಬಂಧ ಇಟ್ಟಿದ್ರು, ಅದು ಪೂರ್ತಿ ಹೋಗಿದ್ದು 1983ರಲ್ಲಿ. ಫ್ರಾನ್ಸಲ್ಲಿ 1982. ಇಷ್ಟು ವರ್ಷ ಆದ್ರೂ ಬ್ರಿಟನ್ನಲ್ಲಿ ಮಿಡ್‌ವೈಫ್‌ಗಳಲ್ಲಿ ಗಂಡಸರು ನೂರಕ್ಕೆ ಒಬ್ರು ಕೂಡ ಇಲ್ಲ. ಬಾಗಿಲು ತೆಗೆದ್ರೆ ಗಂಡಸರು ನುಗ್ಗಿ ಹೆಣ್ಮಕ್ಕಳ ಕೆಲಸ ಕಿತ್ಕೋತಾರೆ ಅನ್ನೋ ಭಯಕ್ಕೆ ಅಲ್ಲಿ ಆಧಾರ ಸಿಕ್ಕಿಲ್ಲ.

ಪಾಂಡವಪುರ ಆಶಾ:
ನಾನು ಆಶಾ ಕಾರ್ಯಕರ್ತೆ. ನೀವೆಲ್ಲಾ ಒಳಗೆ ಬಿಡ್ಬೇಕಾ ಬೇಡ್ವಾ ಅಂತ ಮಾತಾಡ್ತಿದೀರ, ನಮ್ ಊರಲ್ಲಿ ಗಂಡ ಆಸ್ಪತ್ರೆ ಇರೋ ಊರಲ್ಲೇ ಇರಲ್ಲ. ಚೊಚ್ಚಲ ಹೆರಿಗೆ ತವರಲ್ಲಿ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮಾಡಿ ಮಡಿಲು ತುಂಬಿ ಹುಡುಗೀನ ತವರಿಗೆ ಕಳಿಸ್ತಾರೆ, ಗಂಡ ಬೆಂಗಳೂರಲ್ಲಿ ಡ್ರೈವರ್ರೋ ಫ್ಯಾಕ್ಟರೀಲೋ ಇರ್ತಾನೆ. ನೋವು ಬಂದಾಗ ಫೋನ್ ಮಾಡ್ತಾರೆ, ಅವ್ನು ಬಸ್ಸು ಹತ್ತಿ ಬರೋಷ್ಟ್ರಲ್ಲಿ ಮಗು ಆಗಿರುತ್ತೆ. ಆಮೇಲೂ ಬಾಣಂತನ ಮುಗಿಯೋವರೆಗೂ ಅವ್ನು ನೆಂಟರ ಹಂಗೆ ಬಂದು ಹೋಗೋದು. ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಈ ಹುಡುಗರಿಗೆ ಯಾರು ಕೊಡ್ತಾರೆ ರಜೆ?

ತವರಿಗೆ ಹೋಗೋದು ಬೇಡ ಅಂತ ನಾನು ಹೇಳಲ್ಲ, ಅಮ್ಮನ ಮನೇಲಿ ಸಿಗೋ ಆರೈಕೆ ಎಲ್ಲೂ ಸಿಗಲ್ಲ. ಆದ್ರೆ ತಾಯಿ ಕಾರ್ಡು ಹಿಡ್ಕೊಂಡು ಚೆಕಪ್‌ಗೆ ಬರೋವಾಗ ಗಂಡ ಒಂದೆರಡು ಸಲನಾದ್ರೂ ಬಂದ್ರೆ ರಕ್ತ ಕಮ್ಮಿ ಇದೆ, ಬಿಪಿ ಜಾಸ್ತಿ ಇದೆ, ಕಾಲು ಊದಿದೆ ಅನ್ನೋದು ಅವ್ನ ಕಿವಿಗೂ ಬೀಳುತ್ತೆ. ಮಂಡ್ಯದ ಗಂಡಸರು ಹಸು ಕರು ಹಾಕೋ ರಾತ್ರಿ ನಿದ್ದೆ ಬಿಟ್ಟು ಕೊಟ್ಟಿಗೇಲಿ ಲಾಟೀನ್ ಹಿಡ್ಕೊಂಡು ಕೂತಿರ್ತಾರೆ, ಬೆನ್ನು ಸವರ್ತಾರೆ, ಮಾತಾಡಿಸ್ತಾರೆ. ಅಷ್ಟು ಕರುಳು ಇರೋ ಗಂಡಸರು ಹೆಂಡ್ತಿ ಹೆರಿಗೆ ಅಂದ ತಕ್ಷಣ ಗೇಟ್ ಹೊರಗೆ ಟೀ ಅಂಗಡಿಲಿ ಯಾಕೆ ನಿಲ್ಬೇಕು.

ಕುವೆಂಪುನಗರ ಅಪ್ಪ:
ಆಶಾ ಅಕ್ಕ ಬರೆದಿದ್ದು ಓದಿ ಬರೀಲೇಬೇಕು ಅನ್ನಿಸ್ತು. ನಾನು ಒಳಗಿದ್ದೆ. ಮೈಸೂರಲ್ಲೇ, ಪ್ರೈವೇಟ್ ಆಸ್ಪತ್ರೆ, ಬೇರೆ ರೂಮ್ ಇತ್ತು ಹಾಗಾಗಿ ಬಿಟ್ರು. ಹೆಂಡ್ತೀನೇ ಕೇಳಿದ್ದು, ನೀವು ಇರ್ಲೇಬೇಕು ಅಂತ. ನಮ್ಮತ್ತೆಗೆ ಮೊದಲು ಸರಿ ಅನ್ನಿಸ್ಲಿಲ್ಲ, "ಅಳಿಯಂದ್ರು ಯಾಕಮ್ಮಾ, ನಾನಿರ್ತೀನಲ್ಲ" ಅಂದ್ರು.

ಒಳಗೆ ಏನ್ ಮಾಡೋದು ಅಂತ ಗಂಡಸರಿಗೆ ಗೊತ್ತಿರಲ್ಲ, ಅದ್ಕೇ ಹೇಳ್ತೀನಿ. ಸಿನಿಮಾದಲ್ಲಿ ತೋರಿಸೋ ಹಾಗೆ ಹತ್ತು ನಿಮಿಷದ ಕೆಲಸ ಅಲ್ಲ ಅದು, ಚೊಚ್ಚಲ ಅಂದ್ರೆ ರಾತ್ರಿಯೆಲ್ಲಾ ಹಿಡಿಯುತ್ತೆ. ಸಿಸ್ಟರ್ ಬಂದು ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ನೋಡಿ "ಎರಡು ಬೆರಳು ಓಪನ್ ಆಗಿದೆ" ಅಂತಾರೆ, ಹೋಗ್ತಾರೆ, ಎಷ್ಟೋ ಹೊತ್ತಾದ್ಮೇಲೆ ಬಂದು "ಮೂರು" ಅಂತಾರೆ. ಮಧ್ಯೆ ಇರೋರು ನಾವೇ. ನೋವು ಬಂದಾಗ ಅವ್ಳು ಮಂಚದ ಕಂಬಿ ಹಿಡಿದು ಬಗ್ಗಿ ನಿಲ್ಲೋಳು, ನಾನು ಹಿಂದೆ ನಿಂತು ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯೋ ಜಾಗ ಇದೆಯಲ್ಲ, ಅಲ್ಲಿ ಅಂಗೈ ಬುಡದಿಂದ ಗಟ್ಟಿಯಾಗಿ ಒತ್ತಿ ಹಿಡ್ಕೋಬೇಕು. ಮೆತ್ತಗೆ ಸವರಿದ್ರೆ ಅವ್ಳಿಗೆ ಸಿಟ್ಟು ಬರ್ತಿತ್ತು, "ಒತ್ತೀ, ಇನ್ನೂ ಒತ್ತೀ" ಅನ್ನೋಳು. ನೋವು ಇಳಿದ ತಕ್ಷಣ ಕೈ ತೆಗೀಬೇಕು, ಗುಟುಕು ನೀರು ಕೊಡ್ಬೇಕು, ಮುಖಕ್ಕೆ ಒದ್ದೆ ಬಟ್ಟೆ. ಹೆಚ್ಚು ಮಾತಾಡಬಾರದು, ಮೊಬೈಲ್ ಮುಟ್ಟಬಾರದು. ಅಂಗಾತ ಮಲಗೋದಕ್ಕಿಂತ ಎಡಮಗ್ಗಲು ಮಲಗೋದು, ಕಾರಿಡಾರಲ್ಲಿ ನಡೆಯೋದು ಒಳ್ಳೇದು ಅಂತ ಸಿಸ್ಟರ್ ಹೇಳಿದ್ರು, ನಡೆಸ್ಕೊಂಡು ಹೋದೆ. ಕೊನೇಲಿ ನನ್ನ ತಲೆ ಕಡೆ ನಿಲ್ಲಿಸಿದ್ರು, ಕಾಲ ಕಡೆ ಅಲ್ಲ, ಅವ್ಳ ಮುಖ ನನ್ ಕಡೆ, ಅಷ್ಟೇ. ಯಾರ ಮರ್ಯಾದೆಗೂ ಏನೂ ಆಗ್ಲಿಲ್ಲ.

ಹೆಣ್ಣು ಮಗು. ಎತ್ಕೊಂಡಾಗ ಒಬ್ರು ಆಯಾ "ಮುಂದಿನ ಸಲ ಗಂಡಾಗುತ್ತೆ ಬುಡಿ ಸಾರ್" ಅಂದ್ರು ಸಮಾಧಾನ ಹೇಳೋ ಥರ. ನನ್ ಕೈಲಿ ಮಗಳಿದ್ಳು, ನಂಗ್ಯಾಕೆ ಸಮಾಧಾನ?

ಎರಡು ಮಕ್ಕಳ ತಾಯಿ:
ಕುವೆಂಪುನಗರ ಅಪ್ಪ ಅವ್ರೆ, ಆ ಕೊನೇ ಮಾತಿಗೆ ಕಣ್ಣಲ್ಲಿ ನೀರು ಬಂತು. ಇದೇ ಮಂಡ್ಯದಲ್ಲಿ 2023ರಲ್ಲಿ ಆಲೆಮನೇಲಿ ಸ್ಕ್ಯಾನಿಂಗ್ ಮಷಿನ್ ಇಟ್ಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡ್ತಿದ್ದ ಜಾಲ ಸಿಕ್ಕಿಬಿತ್ತಲ್ಲ. ಭ್ರೂಣಲಿಂಗ ಪತ್ತೆ ತಡೆಯೋ ಕಾಯ್ದೆ 1994ರಿಂದ ಇದೆ, ಆದ್ರೂ ಬೆಲ್ಲ ಮಾಡೋ ಜಾಗದಲ್ಲಿ ಅದು ನಡೀತು. ಹೆಂಡ್ತಿ ಎಷ್ಟು ಕಷ್ಟಪಟ್ಟು ಮಗು ಹೆತ್ತಳು ಅಂತ ಕಣ್ಣಾರೆ ನೋಡಿರೋ ಗಂಡಸು ಮಗಳನ್ನ ಬೇಡ ಅನ್ನೋದು ಕಷ್ಟ ಅಂತ ನನ್ ನಂಬಿಕೆ. ಎಲ್ಲರೂ ಬದಲಾಗ್ತಾರೆ ಅಂತಲ್ಲ, ಕೆಲವ್ರಾದ್ರೂ.

ನಾಗಮಂಗಲ ಗೌಡ:
ಅದಕ್ಕೆ ನನ್ನದೂ ವಿರೋಧ ಇಲ್ಲಮ್ಮ, ಹೆಣ್ಣು ಮಗು ಬೇಡ ಅನ್ನೋನು ಮನುಷ್ಯನೇ ಅಲ್ಲ. ನಂಗೂ ಮೂವರು ಹೆಣ್ಮಕ್ಕಳೇ. ಗಂಡ ಜೊತೇಲಿ ಇರೋದು ಅವ್ರವ್ರ ಇಷ್ಟ, ಹೆಂಡ್ತಿ ಕೇಳಿದ್ರೆ ಇರ್ಲಿ ಬುಡಿ. ಕುಡ್ದು ಬಂದಿರೋ ಗಂಡನ್ನ ಒಳಗೆ ಬಿಡ್ತೀರಾ, ಅವ್ಳಿಗೆ ಇಷ್ಟ ಇಲ್ದೆ ಇದ್ರೂ ನಾನು ಗಂಡ ಅಂತ ನುಗ್ಗೋನನ್ನ ತಡೆಯೋರ್ಯಾರು, ಅದನ್ನೂ ಯೋಚ್ನೆ ಮಾಡಿ. ನರ್ಸ್ ವಿಷಯದಲ್ಲಿ ಮಾತ್ರ ನನ್ ಮಾತು ಬದ್ಲಾಗಲ್ಲ. ನಮ್ ತಾಲೂಕಲ್ಲಿ ಓದಿರೋ ಹೆಣ್ಮಕ್ಕಳಿಗೇ ಕೆಲಸ ಇಲ್ಲ, ಇದೊಂದು ಕೆಲಸನಾದ್ರೂ ಅವ್ರಿಗಿರ್ಲಿ.

ಸಿಸ್ಟರ್ ಅಕ್ಕ:
ಡ್ಯೂಟಿ ಮುಗೀತು, ಬರೀತೀನಿ ಅಂದಿದ್ದೆ. ಗೌಡ್ರು ಹೇಳಿದ್ದು ಸರಿ, ಜೊತೆಗೆ ಯಾರಿರಬೇಕು ಅನ್ನೋದು ಹೆರೋಳ ಆಯ್ಕೆ, ಗಂಡನ ಹಕ್ಕಲ್ಲ, ಅತ್ತೆ ಹಕ್ಕೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿರೋದೂ ಹಾಗೇ, ಅವ್ಳು ಆರಿಸಿದ ವ್ಯಕ್ತಿ ಅಂತ. ಕೆಲವ್ರಿಗೆ ಅಮ್ಮ ಬೇಕು, ಕೆಲವ್ರಿಗೆ ಅಕ್ಕ, ಕೆಲವ್ರಿಗೆ ಯಾರೂ ಬೇಡ. ಒಬ್ರು ಕೊನೇ ತನಕ ಜೊತೇಲಿದ್ರೆ ನಾರ್ಮಲ್ ಹೆರಿಗೆ ಸಾಧ್ಯತೆ ಹೆಚ್ಚುತ್ತೆ, ಸಿಸೇರಿಯನ್ ಕಮ್ಮಿ ಆಗುತ್ತೆ, ನೋವಿನ ಹೊತ್ತೂ ಸ್ವಲ್ಪ ಕಮ್ಮಿ ಅಂತ 17 ದೇಶದ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿದ 26 ಅಧ್ಯಯನ ಸೇರಿಸಿ ನೋಡಿದಾಗ ಗೊತ್ತಾಗಿದೆ, ಅದು 2017ರಲ್ಲಿ ಬಂದಿದ್ದು. ನಮ್ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೇಲೇ ಆಗ್ತಿದೆ, ಸಿಸೇರಿಯನ್ ನೂರಕ್ಕೆ 31 ದಾಟಿದೆ, 2019ರಿಂದ 21ರ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಇದು. ಎಲ್ರನ್ನೂ ಆಸ್ಪತ್ರೆಗೆ ಕರ್ಕೊಂಡು ಬರೋದ್ರಲ್ಲಿ ಗೆದ್ವಿ. ಬಂದವ್ರಿಗೆ ಜೊತೆ ಕೊಡೋದ್ರಲ್ಲಿ ಸೋತಿದೀವಿ.

ಈಗ ತಮ್ಮಂಗೆ. ಎಎನ್‌ಎಂ, ಅಂದ್ರೆ ಹಳ್ಳಿ ಕಡೆ ಆರೋಗ್ಯ ಸಹಾಯಕಿ ಆಗೋ ಕೋರ್ಸು, ಹೆಣ್ಮಕ್ಕಳಿಗೇ ಇರೋದು, ಆದ್ರೆ ಬಿಎಸ್ಸಿ ನರ್ಸಿಂಗಲ್ಲಿ ಹೆರಿಗೆ ಪಾಠ ಹುಡುಗರಿಗೂ ಇದೆ, ನೀನು ಓದಿದೀಯ. ಹಿಂದಿನ ಕಾಲದಲ್ಲಿ ಗಂಡು ಹುಡುಗರಿಗೆ ಹೆರಿಗೆ ಬದಲು ಬೇರೆ ವಿಷಯ ಇರ್ತಿತ್ತು, ಈಗ ಹಂಗಿಲ್ಲ. ಆದ್ರೂ ಕೆಲಸಕ್ಕೆ ಬಂದಾಗ ಗಾಳಿ ಹೆಣ್ಮಕ್ಕಳ ಕಡೆಗೇ ಬೀಸುತ್ತೆ, 2019ರಲ್ಲಿ ಏಮ್ಸ್ ಅನ್ನೋ ಕೇಂದ್ರ ಸರ್ಕಾರಿ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನೂರಕ್ಕೆ 80 ಹೆಂಗಸರು 20 ಗಂಡಸರು ಅಂತ ಮಾಡಿದ್ರಲ್ಲ, ಗಂಡು ನರ್ಸ್‌ಗಳು ಅದಕ್ಕೆ ಬಹಳ ನೊಂದ್ಕೊಂಡ್ರು. 2018ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಮಾರ್ಗಸೂಚಿ ತಂತು, ನರ್ಸ್‌ಗಳಿಗೆ 18 ತಿಂಗಳ ತರಬೇತಿ ಕೊಟ್ಟು ನಾರ್ಮಲ್ ಹೆರಿಗೆ ಪೂರ್ತಿ ಅವ್ರೇ ನೋಡ್ಕೊಳ್ಳೋ ಹಾಗೆ ಮಾಡೋದು, ತೆಲಂಗಾಣದವ್ರು ಅದಕ್ಕೂ ಮುಂಚೆನೇ ಶುರು ಮಾಡಿದ್ರು. ಆ ದಾರಿ ಬಗ್ಗೆ ವಿಚಾರಿಸು.

ನಾನು ನೇರವಾಗಿ ಹೇಳ್ತೀನಿ. ನನ್ ಜೊತೆ ಗಂಡು ಸ್ಟಾಫ್ ಕೆಲಸ ಮಾಡಿದಾರೆ, ತಾಳ್ಮೆ ಇರೋರೂ ಇದ್ರು, ಇಲ್ಲದೋರೂ ಇದ್ರು, ಹೆಂಗಸರಲ್ಲೂ ಹಂಗೇ. ಆದ್ರೆ ಎರಡು ವಿಷಯದಲ್ಲಿ ರಾಜಿ ಇಲ್ಲ. ನೀನಿದ್ದ ಪ್ರತಿ ಪರೀಕ್ಷೇಲೂ ಪಕ್ಕದಲ್ಲಿ ಒಬ್ಳು ಹೆಣ್ಣು ಸ್ಟಾಫ್ ಇರ್ಲೇಬೇಕು, ಅದು ಅವ್ಳಿಗೂ ಒಳ್ಳೇದು, ನಿಂಗೂ ಒಳ್ಳೇದು. ಎರಡನೇದು, ಹೆಣ್ಣು ಸ್ಟಾಫ್ ಬೇಕು ಅಂತ ಯಾರಾದ್ರೂ ಕೇಳಿದ್ರೆ ಮುಖ ಸಣ್ಣ ಮಾಡ್ಕೊಳ್ದೆ, ಯಾಕೆ ಅಂತ ಕೇಳ್ದೆ, ಹಿಂದೆ ಸರೀಬೇಕು.

ಮದ್ದೂರ್ ನರ್ಸ್:
ಅಕ್ಕಾ ತುಂಬಾ ಥ್ಯಾಂಕ್ಸ್, ಎರಡಕ್ಕೂ ಒಪ್ಪಿಗೆ. ಗೌಡ್ರು ಅತ್ತೆ ವಿಷಯ ಎತ್ತಿದಾಗಿಂದ ಅದನ್ನೇ ಯೋಚ್ನೆ ಮಾಡ್ತಿದೀನಿ. ನೋವು ಮೇಲೆ ನೋವು ಬರ್ತಿರೋವಾಗ "ಗಂಡಸು ನೋಡ್ಬಹುದಾ" ಅಂತ ಕೇಳಿದ್ರೆ ಯಾರು ತಾನೇ ಬೇಡ ಅಂತಾರೆ, ಆ ಹೊತ್ತಲ್ಲಿ ಯಾರಾದ್ರೂ ಸರಿ ಈ ನೋವು ಮುಗಿದ್ರೆ ಸಾಕು ಅನ್ನಿಸಿರುತ್ತೆ. ಆಂಬುಲೆನ್ಸಲ್ಲಿ ಬೇರೆ ದಾರಿ ಇಲ್ಲ. ಆಸ್ಪತ್ರೇಲಿ ಇದೆ. ಎಂಟನೇ ತಿಂಗಳ ಚೆಕಪ್‌ಗೆ ಬಂದಾಗಲೇ, ಅತ್ತೆ ಅಮ್ಮ ಗಂಡ ಎಲ್ರನ್ನೂ ಐದು ನಿಮಿಷ ಹೊರಗೆ ಕೂರಿಸಿ, ಅವ್ರೊಬ್ರನ್ನೇ ಕೇಳಿ ತಾಯಿ ಕಾರ್ಡಲ್ಲಿ ಬರೀಬೇಕು. ಜೊತೆಗೆ ಯಾರು ಬೇಕು, ಗಂಡು ಸ್ಟಾಫ್ ಇದ್ರೆ ಪರವಾಗಿಲ್ವಾ, ಸ್ಟೂಡೆಂಟ್ಸ್ ಇರಬಹುದಾ. ಆಗ ಬೇಡ ಅನ್ನೋಕೆ ಅವ್ರಿಗೆ ಉಸಿರು ಇರುತ್ತೆ. ಬೇಡ ಅಂತ ಬರೆದಿದ್ರೆ ನಾನು ಆ ರೂಮಿಗೆ ಕಾಲೇ ಇಡಲ್ಲ, ನಂಗೆ ಬೇಜಾರೂ ಇಲ್ಲ. ಪರವಾಗಿಲ್ಲ ಅಂದೋರಿಗೆ ಮಾತ್ರ ನಾನು. ಅಷ್ಟು ಜನ ಇದ್ರೂ ನಂಗೆ ಕೆಲಸ ಸಾಕು.

ಗೌಡ್ರೆ, ಹೆಣ್ಮಕ್ಕಳ ಕೆಲಸ ಕಿತ್ಕೊಳ್ಳೋ ಆಸೆ ನಂಗಿಲ್ಲ. ಒಬ್ಳು ಸಿಸ್ಟರ್ ನಾಲ್ಕು ಟೇಬಲ್ ನೋಡ್ತಾರೆ ಅಂತ ಅಕ್ಕನೇ ಹೇಳಿದ್ರಲ್ಲ, ಅಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ.

ಹುಣಸೂರು ಹುಡುಗಿ:
ನಾನು ಇಷ್ಟು ಹೊತ್ತು ಸುಮ್ನೆ ಓದ್ತಾ ಇದ್ದೆ. ನಂಗೆ ಎಂಟು ತಿಂಗಳು, ಚೊಚ್ಚಲ. ತವರು ಕೆ.ಆರ್. ನಗರ, ಗಂಡ ಹುಣಸೂರಲ್ಲೇ ಇರ್ತಾರೆ. ನಂಗೆ ಅವ್ರು ಒಳಗಿರಬೇಕು ಅಂತ ಆಸೆ, ಅಮ್ಮನ ಹತ್ರ ಹೇಳೋಕೆ ನಾಚಿಕೆ. ಆಸ್ಪತ್ರೇಲಿ ಏನಂತ ಕೇಳ್ಬೇಕು? ಬೈತಾರಾ?

ಸಿಸ್ಟರ್ ಅಕ್ಕ:
ಬೈಯಲ್ಲಮ್ಮ, ಬೈದ್ರೂ ಕೇಳು. ಮುಂದಿನ ಚೆಕಪ್‌ಗೆ ಹೋದಾಗ ಡಾಕ್ಟ್ರಿಗಿಂತ ಮುಂಚೆ ಲೇಬರ್ ವಾರ್ಡ್ ಸಿಸ್ಟರ್ ಹತ್ರ ಹೋಗಿ "ಬರ್ತ್ ಕಂಪ್ಯಾನಿಯನ್ ಆಗಿ ನಮ್ಮನೆಯವ್ರನ್ನ ಬಿಡ್ತೀರಾ" ಅಂತ ಅದೇ ಪದ ಬಳಸಿ ಕೇಳು, ಆ ಪದ ಅವ್ರಿಗೆ ಗೊತ್ತಿರುತ್ತೆ. ಟೇಬಲ್ ಮಧ್ಯೆ ಪಾರ್ಟಿಷನ್ ಇದೆಯಾ ಅಂತ ಕಣ್ಣಲ್ಲೇ ನೋಡ್ಕೋ. ಇಲ್ಲ ಅಂದ್ರೆ ಗಂಡನ್ನ ಬಿಡಲ್ಲ, ಆಗ ಅಮ್ಮನ್ನ ಬಿಡಿ ಅಂತ ಕೇಳು, ಒಬ್ಳೇ ಮಾತ್ರ ಇರ್ಬೇಡ. ಅಮ್ಮಂಗೆ ನೀನು ಹೇಳೋಕೆ ನಾಚಿಕೆ ಅಂದ್ರೆ ನಿಮ್ಮೂರ ಆಶಾ ಕಾರ್ಯಕರ್ತೆ ಕೈಲಿ ಹೇಳ್ಸು.

ಕುವೆಂಪುನಗರ ಅಪ್ಪ:
ತಂಗಿ, ನಮ್ಮತ್ತೆನೂ ಆಮೇಲೆ ಒಪ್ಪಿದ್ರು, ಅರ್ಧ ರಾತ್ರಿ ಅವ್ರು, ಅರ್ಧ ರಾತ್ರಿ ನಾನು ಅಂತ ಪಾಳಿ ಮಾಡ್ಕೊಂಡ್ವಿ. ನಿಮ್ಮನೆಯವ್ರಿಗೆ ಹೊಟ್ಟೆ ತುಂಬಾ ತಿಂದು ಬರೋಕೆ ಹೇಳು, ಖಾಲಿ ಹೊಟ್ಟೇಲಿ ನಿಂತ್ರೆ ಅವ್ರೇ ತಲೆ ಸುತ್ತಿ ಬೀಳ್ತಾರೆ, ಆಮೇಲೆ ಸಿಸ್ಟರ್ ಅವ್ರನ್ನೂ ನೋಡ್ಬೇಕಾಗುತ್ತೆ.

ಮದ್ದೂರ್ ನರ್ಸ್:
ಹುಣಸೂರು ತಂಗಿ, ಇನ್ನೊಂದು. ಹುಣಸೂರಿಂದ ಕೆ.ಆರ್. ನಗರಕ್ಕೆ ನಿಮ್ಮನೆಯವ್ರು ಬರ್ಬೇಕಲ್ಲ, ಹಾಗಾಗಿ ನೋವು ಸಣ್ಣದಾಗಿ ಶುರುವಾದಾಗಲೇ ಫೋನ್ ಮಾಡಿ, ಜೋರಾಗ್ಲಿ ಅಂತ ಕಾಯ್ಬೇಡಿ. ಚೊಚ್ಚಲಲ್ಲಿ ಟೈಮ್ ಇರುತ್ತೆ. ಆದ್ರೆ ನೀರು ಹೋದ್ರೆ, ರಕ್ತ ಹೋದ್ರೆ, ಮಗು ಓಡಾಡೋದು ಕಮ್ಮಿ ಆದ್ರೆ ಯಾರಿಗೂ ಕಾಯ್ದೆ 108ಕ್ಕೆ ಫೋನ್ ಮಾಡಿ ಮೊದ್ಲು ಆಸ್ಪತ್ರೆಗೆ ಹೋಗಿ, ಅವ್ರು ಹಿಂದಿನಿಂದ ಬರ್ಲಿ.

ಹುಣಸೂರು ಹುಡುಗಿ:
ಸರಿ ಅಣ್ಣ. ಸೋಮವಾರ ಚೆಕಪ್ ಇದೆ, ಅವ್ರನ್ನೂ ಕರ್ಕೊಂಡು ಹೋಗ್ತೀನಿ, ಸಿಸ್ಟರ್ ಏನಂದ್ರು ಅಂತ ಇಲ್ಲೇ ಬಂದು ಬರೀತೀನಿ.